ಅಂಗೈಯ ತಕ್ಕಡಿಗೆ ಮುದ್ರೆ ಹಾಕುವವರು ಯಾರು?

ಬೆಂಗಳೂರಿನ ರಿಚರ್ಡ್ಸ್ ಟೌನಿನಲ್ಲಿ ನನ್ನ ಖಾಲಾ ಇದ್ದಾರೆ. ವಯಸ್ಸು 68. ಮನೆಯಲ್ಲಿ ದಕ್ಕನಿ ಮಾತಾಡುತ್ತಾರೆ, ಉರ್ದು ಓದುತ್ತಾರೆ. ಏಳನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಕಲಿತವರಾದ್ದರಿಂದ ಕನ್ನಡ ಪತ್ರಿಕೆಯನ್ನೂ ತಪ್ಪದೆ ಓದುತ್ತಾರೆ. ಇಂಗ್ಲಿಷ್ ಮಾತ್ರ ಬಾರದು. ಹೆಗಲು ನೋವಿನ ಚಿಕಿತ್ಸೆಗೆಂದು ವಾರಕ್ಕೆ ಎರಡು ಬಾರಿ ಶಿವಾಜಿನಗರದ ಕಡೆಗೆ ಹೋಗಿ ಬರಬೇಕಾಗುತ್ತದೆ. ಬೀದಿಯಲ್ಲಿ ನಿಂತು ಕೈ ತೋರಿದರೆ ಆಟೋ ನಿಲ್ಲುವ ಕಾಲ ಮುಗಿಯಿತಲ್ಲ, ಹಾಗಾಗಿ ಮಗ ಅವರ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟು ದುಬೈಗೆ ಮರಳಿದ.

ಕಳೆದ ಬಾರಿ ನಾನು ಅವರ ಜೊತೆಗಿದ್ದೆ. ಎಲ್ಲಿಗೆ ಹೋಗಬೇಕೆಂದು ಆರಿಸಿದ ಕೂಡಲೇ ಪರದೆಯ ತುಂಬ ಒಂದು ಚೌಕಟ್ಟು ಮೂಡಿತು. ಅದರಲ್ಲಿ ದೊಡ್ಡದೊಂದು ಹಳದಿ ಬಟನ್. ಖಾಲಾ ಯೋಚಿಸದೆ ಅದನ್ನು ಒತ್ತಿದರು. ನಾನು ಕೈ ಹಿಡಿದೆ.

"ಖಾಲಾ, ಇದು ಏನು ಗೊತ್ತಾ ನಿಮಗೆ?"

"ಆಟೋ ಕರೆಯುವ ಗುಂಡಿ ಅಲ್ವೇನಪ್ಪಾ? ಅದನ್ನು ಒತ್ತಿದರೆ ತಾನೇ ಆಟೋ ಬರುವುದು?"

ಅದು ಆಟೋ ಕರೆಯುವ ಬಟನ್ ಆಗಿರಲಿಲ್ಲ. 'ಬೇಗ ಆಟೋ ಸಿಗಲು 20 ರೂಪಾಯಿ ಟಿಪ್ ಸೇರಿಸಿ' ಎಂದು ಅಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ಟಿಪ್ ಬೇಡ ಎನ್ನುವವರಿಗೂ ದಾರಿ ಇರಲಿಲ್ಲವೆಂದಲ್ಲ. ಕೆಳಗಡೆ, ಬಿಳಿ ಹಿನ್ನೆಲೆಯ ಮೇಲೆ ತಿಳಿ ಬೂದು ಬಣ್ಣದಲ್ಲಿ, ಕನ್ನಡಕ ಹಾಕಿದ ನನಗೂ ಕಷ್ಟದಲ್ಲಿ ಕಾಣುವಷ್ಟು ಸಣ್ಣದಾಗಿ ಒಂದು ಪದವಿತ್ತು. ಅದೇ ಆ ದಾರಿ.

ನಾನು ಹಳೆಯ ಪ್ರಯಾಣಗಳ ಪಟ್ಟಿ ತೆರೆದು ನೋಡಿದೆ. ಐದು ತಿಂಗಳಲ್ಲಿ 80 ಪ್ರಯಾಣ. ಪ್ರತಿಯೊಂದಕ್ಕೂ 20 ರೂಪಾಯಿ. ಒಟ್ಟು 1,600 ರೂಪಾಯಿ. ಖಾಲಾರ ಒಂದು ತಿಂಗಳ ಔಷಧಿಯ ಖರ್ಚು ಅದು. ಲೆಕ್ಕ ಹೇಳಿದಾಗ ಅವರು ಕಂಪೆನಿಯನ್ನು ಬಯ್ಯಲಿಲ್ಲ. ನಾಚಿಕೊಂಡರು. "ನನಗೆ ತಿಳಿಯಲಿಲ್ಲ, ನಾನೇ ದಡ್ಡಿ" ಎಂದರು.

ಈ ಲೇಖನ ಬರೆಯಲು ಕಾರಣ ಆ 1,600 ರೂಪಾಯಿಯಲ್ಲ, ಆ ನಾಚಿಕೆ. ಮೋಸ ಹೋದವರು ತಾವೇ ದಡ್ಡರೆಂದು ತಲೆ ತಗ್ಗಿಸುವಂತೆ, ಮೋಸ ಮಾಡಿದವನು 'ವಿನ್ಯಾಸಕಾರ'ನೆಂದು ಗೌರವ ಪಡೆಯುವಂತೆ ನಾವು ಒಂದು ಮಾರುಕಟ್ಟೆಯನ್ನು ಕಟ್ಟಿಕೊಂಡಿದ್ದೇವೆ. ಇದನ್ನು ತಾಂತ್ರಿಕ ವಿಷಯವೆಂದು ಬದಿಗೆ ಸರಿಸಬಾರದು. ಇದು ತಕ್ಕಡಿಯ ಪ್ರಶ್ನೆ.

ಶಿವಾಜಿನಗರದ ರಸೆಲ್ ಮಾರುಕಟ್ಟೆಗೆ ಹೋಗಿ ನೋಡಿ. ಅಲ್ಲಿ ಈರುಳ್ಳಿ ತೂಗುವ ತಕ್ಕಡಿಗೆ ಸರಕಾರದ ಮುದ್ರೆ ಇರಬೇಕು. ಕಾನೂನು ಮಾಪನ ಇಲಾಖೆಯ ಅಧಿಕಾರಿ ನಿಗದಿತ ಅವಧಿಗೊಮ್ಮೆ ಅದನ್ನು ಪರೀಕ್ಷಿಸಬೇಕು. ಮುದ್ರೆಯಿಲ್ಲದ ತಕ್ಕಡಿ ಇಟ್ಟುಕೊಂಡ ಬಡ ವ್ಯಾಪಾರಿಗೆ ದಂಡ ಬೀಳುತ್ತದೆ. ಬಿಸ್ಕತ್ತಿನ ಪೊಟ್ಟಣದ ಮೇಲೆ ತೂಕ ಮತ್ತು ಬೆಲೆಯ ಅಂಕಿಗಳು ಎಷ್ಟು ಮಿಲಿಮೀಟರ್ ಎತ್ತರವಿರಬೇಕೆಂದು ಕೂಡ 2011ರ ಪೊಟ್ಟಣ ಸಾಮಗ್ರಿ ನಿಯಮಗಳು ಹೇಳುತ್ತವೆ. ಯಾಕೆ ಹೇಳುತ್ತವೆ? ಅಕ್ಷರವನ್ನು ಸಣ್ಣದು ಮಾಡುವುದೂ ಒಂದು ಬಗೆಯ ಕಳ್ಳತನ ಎಂಬುದು ಆ ನಿಯಮ ಬರೆದವರಿಗೆ ಗೊತ್ತಿತ್ತು.

ಖಾಲಾ ಹತ್ತುವ ಆಟೋದ ಕತೆಯೂ ಇದೇ. ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆ ಮೇಲೆ ಪ್ರತಿ ಕಿಲೋಮೀಟರಿಗೆ 18 ರೂಪಾಯಿ ಎಂದು ದರ ನಿಗದಿಯಾಯಿತು. ದರ ಬದಲಾದಾಗ ಚಾಲಕ ತನ್ನ ಮೀಟರನ್ನು ತಿದ್ದಿಸಿ ಮತ್ತೆ ಮುದ್ರೆ ಹಾಕಿಸಿಕೊಳ್ಳಬೇಕು. ಅದಕ್ಕಾಗಿ ಆತ ಒಂದು ದಿನದ ದುಡಿಮೆ ಬಿಟ್ಟು ಸಾಲಿನಲ್ಲಿ ನಿಲ್ಲುತ್ತಾನೆ. ಮೂರು ಕಿಲೋಮೀಟರ್ ದಾರಿಗೆ 54 ರೂಪಾಯಿ ಎಂದು ಆ ಮೀಟರ್ ತೋರಿಸುತ್ತದೆ. ಅದೇ ಆಟೋ, ಅದೇ ದಾರಿ, ಅದೇ ಚಾಲಕ. ಆದರೆ ಖಾಲಾರ ಅಂಗೈಯಲ್ಲಿರುವ ಪರದೆ ಬೇರೆಯೇ ಒಂದು ಲೆಕ್ಕ ಹೇಳುತ್ತದೆ, ಅದರ ಮೇಲೆ 20 ರೂಪಾಯಿ ಹಾಕು ಎನ್ನುತ್ತದೆ. ಆ ಪರದೆಗೆ ಮುದ್ರೆ ಹಾಕಿದವರು ಯಾರು? ಯಾರೂ ಇಲ್ಲ.

ಕಾನೂನು ಸುಮ್ಮನಿತ್ತು ಎನ್ನುವಂತೆಯೂ ಇಲ್ಲ. 2022ರ ನವೆಂಬರ್‌ನಲ್ಲಿ ಕರ್ನಾಟಕ ಸರಕಾರವು ಆ್ಯಪ್ ಆಟೋಗಳಿಗೆ ಒಂದು ಮಿತಿ ಹಾಕಿತು. ಸರಕಾರಿ ದರದ ಮೇಲೆ ಶೇ. 5ರಷ್ಟು ಸೇವಾ ಶುಲ್ಕ ಮತ್ತು ತೆರಿಗೆಯನ್ನು ಮಾತ್ರ ಪಡೆಯಬಹುದು ಎಂಬುದು ಆ ಆದೇಶ. ಕಂಪೆನಿಗಳು ಕೋರ್ಟಿಗೆ ಹೋದವು. 2024ರ ಮೇ ತಿಂಗಳಲ್ಲಿ ಹೈಕೋರ್ಟು ಆದೇಶವನ್ನು ಎತ್ತಿ ಹಿಡಿಯಿತು. ಆದರೆ ಮುಂಬಾಗಿಲಿಗೆ ಬೀಗ ಬಿದ್ದಾಗ ಹಿಂಬಾಗಿಲು ತೆರೆಯಿತು. ದರ ಹೆಚ್ಚಿಸುವಂತಿಲ್ಲವೇ? ಹಾಗಾದರೆ ಪ್ರಯಾಣಿಕರೇ 'ಸ್ವಇಚ್ಛೆಯಿಂದ' ಹೆಚ್ಚು ಕೊಡಲಿ! ಆ ಸ್ವಇಚ್ಛೆಯನ್ನು ಹುಟ್ಟಿಸುವ ಕೆಲಸ ಹಳದಿ ಬಟನ್‌ನದು.

2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ಈ ಮುಂಗಡ ಟಿಪ್ ವಿಚಾರವಾಗಿ ಉಬರ್ ಕಂಪೆನಿಗೆ ನೋಟಿಸ್ ಕೊಟ್ಟಿತು. ಕೇಂದ್ರದ ಗ್ರಾಹಕ ವ್ಯವಹಾರ ಸಚಿವರು, ಅಂದರೆ ನಮ್ಮ ರಾಜ್ಯದವರೇ ಆದ ಪ್ರಹ್ಲಾದ ಜೋಶಿಯವರು, ಬೇಗ ಸೇವೆ ಸಿಗಲೆಂದು ಮುಂಚಿತವಾಗಿ ಟಿಪ್ ಕೊಡುವಂತೆ ಮಾಡುವುದು ಅನೈತಿಕ ಮತ್ತು ಶೋಷಣೆ ಎಂಬರ್ಥದ ಮಾತನ್ನು ಬಹಿರಂಗವಾಗಿ ಹೇಳಿದರು. ಟಿಪ್ ಎಂಬುದು ಸೇವೆ ಮುಗಿದ ಮೇಲೆ ಮೆಚ್ಚಿ ಕೊಡುವಂಥದ್ದು. ಸೇವೆ ಸಿಗಬೇಕಾದರೆ ಮೊದಲೇ ಇಡಬೇಕಾದ ಹಣಕ್ಕೆ ನಮ್ಮ ಸರಕಾರಿ ಕಚೇರಿಗಳಲ್ಲಿ ಬೇರೆ ಹೆಸರಿದೆ. ಆ ಹೆಸರು ಎಲ್ಲರಿಗೂ ಗೊತ್ತಿದೆ.

ಇಲ್ಲಿ ಒಬ್ಬರು ಎದ್ದು ಕೇಳಬಹುದು: ಆ ಹಣ ಬಡ ಚಾಲಕನಿಗೆ ತಾನೇ ಹೋಗುವುದು, ನಿಮಗೇಕೆ ಹೊಟ್ಟೆಯುರಿ? ನ್ಯಾಯವಾದ ಪ್ರಶ್ನೆ. ನಾನು ಅದನ್ನೇ ಖಾಲಾರನ್ನು ಕರೆದೊಯ್ದ ಚಾಲಕನಲ್ಲಿ ಕೇಳಿದೆ. "ಸಾರ್, ಟಿಪ್ ಇರೋ ಬಾಡಿಗೆ ಬಂದ್ರೆ ಎಲ್ರೂ ಅದನ್ನೇ ಒತ್ತೋದು. ನಾನು ಒಬ್ಬ ಬಿಟ್ರೆ ನನಗೇ ಲಾಸು. ಅಮ್ಮನಂಥೋರ ಹತ್ರ ಜಾಸ್ತಿ ತಗೋಬೇಕು ಅಂತ ನನಗೇನೂ ಇಲ್ಲ" ಎಂದ. ಆತ ಸುಳ್ಳು ಹೇಳಿದನೆಂದು ನನಗೆ ಅನಿಸಲಿಲ್ಲ. ಚಾಲಕನಿಗೆ ಸಾಲದಿದ್ದರೆ ದರ ಹೆಚ್ಚಿಸಬೇಕು. ಸರಕಾರ, ಚಾಲಕರು, ಪ್ರಯಾಣಿಕರು ಒಂದು ಕಡೆ ಕೂತು ಎಲ್ಲರಿಗೂ ತಿಳಿಯುವಂತೆ ಹೆಚ್ಚಿಸಬೇಕು. ಅದು ಬಿಟ್ಟು ಪ್ರಯಾಣಿಕರನ್ನು ಹರಾಜಿಗೆ ನಿಲ್ಲಿಸುವುದು ನ್ಯಾಯವಲ್ಲ. ಹರಾಜಿನಲ್ಲಿ ಸೋಲುವವರು ಯಾರು? ಕೂಗಲು ಹಣವಿಲ್ಲದವರು. ಆಸ್ಪತ್ರೆಗೆ ಹೊರಟ ಬಡ ಮುದುಕಿ ಮತ್ತು ಪಬ್ಬಿಗೆ ಹೊರಟ ಹುಡುಗ ಒಂದೇ ಆಟೋಗೆ ಕೂಗಿದರೆ ಯಾರಿಗೆ ಸಿಗುತ್ತದೆಂದು ಬೇರೆ ಹೇಳಬೇಕೇ?

ನಮ್ಮವರದೇ ಆ್ಯಪ್ ಇದ್ದರೆ ಎಲ್ಲ ಸರಿಹೋಗುತ್ತದೆ ಎಂದು ಸಮಾಧಾನ ಪಡುವವರಿಗೂ ಒಂದು ಮಾತು. ಬೆಂಗಳೂರಿನ ಆಟೋ ಚಾಲಕರ ಸಂಘ ಎಆರ್‌ಡಿಯು ಜೊತೆಗೂಡಿ 2022ರ ನವೆಂಬರ್‌ನಲ್ಲಿ 'ನಮ್ಮ ಯಾತ್ರಿ' ಬಂದಾಗ ನಾವೆಲ್ಲ ಸಂತೋಷಪಟ್ಟೆವು. ಚಾಲಕನಿಂದ ಕಮಿಷನ್ ಕೀಳುವುದಿಲ್ಲ, ಕನ್ನಡದಲ್ಲೂ ಬಳಸಬಹುದು, ಹೆಸರೂ ನಮ್ಮದೇ. ಆ ಸಂತೋಷಕ್ಕೆ ಕಾರಣವೂ ಇತ್ತು, ಈಗಲೂ ಇದೆ. ಆದರೆ ಆಟೋ ಸಿಗಲು ಮುಂಗಡವಾಗಿ ಹಣ ಸೇರಿಸುವ ವ್ಯವಸ್ಥೆ ಅಲ್ಲಿಗೂ ಬಂತು. ಒಳ್ಳೆಯ ಉದ್ದೇಶದಿಂದ ಹುಟ್ಟಿದ ಪರದೆಯೂ ಪೈಪೋಟಿಯಲ್ಲಿ ಅದೇ ದಾರಿ ಹಿಡಿಯುತ್ತದೆ ಎಂದಾದರೆ, ಒಳ್ಳೆಯವರನ್ನು ನಂಬಿ ಕೂರುವುದರಿಂದ ಪ್ರಯೋಜನವಿಲ್ಲ. ನಿಯಮ ಬೇಕು.

ಈ ಬಗೆಯ ವಂಚಕ ವಿನ್ಯಾಸಗಳಿಗೆ 'ಡಾರ್ಕ್ ಪ್ಯಾಟರ್ನ್' ಎಂಬ ಹೆಸರನ್ನು 2010ರಲ್ಲಿ ಹ್ಯಾರಿ ಬ್ರಿಗ್ನಲ್ ಎಂಬ ಬ್ರಿಟಿಷ್ ವಿನ್ಯಾಸಕಾರ ಕೊಟ್ಟರು. ನಾವು ಅದನ್ನು ಕತ್ತಲ ವಿನ್ಯಾಸ ಎನ್ನಬಹುದು. ನಮ್ಮ ದೇಶದಲ್ಲಿ 2023ರ ನವೆಂಬರ್ 30ರಂದು ಇದರ ವಿರುದ್ಧ ಮಾರ್ಗಸೂಚಿ ಹೊರಬಿತ್ತು. ಅದರಲ್ಲಿ 13 ಬಗೆಯ ಕತ್ತಲ ವಿನ್ಯಾಸಗಳನ್ನು ಪಟ್ಟಿ ಮಾಡಲಾಗಿದೆ. ಓದಿದರೆ ನಮ್ಮ ದಿನನಿತ್ಯದ ಬದುಕನ್ನೇ ಓದಿದಂತಾಗುತ್ತದೆ. 'ಎರಡೇ ಉಳಿದಿವೆ, ಈಗಲೇ ಕೊಳ್ಳಿ' ಎಂಬ ಸುಳ್ಳು ಅವಸರ. ನಾವು ಆರಿಸದ ವಸ್ತು ಬುಟ್ಟಿಯೊಳಗೆ ನುಸುಳುವುದು. ಮೊದಲು ಒಂದು ಬೆಲೆ ತೋರಿಸಿ, ಹಣ ಕಟ್ಟುವ ಹೊತ್ತಿಗೆ ಹನಿ ಹನಿಯಾಗಿ ಬೇರೆ ಬೇರೆ ಶುಲ್ಕ ಸೇರಿಸುವುದು. ಸೇರಲು ಒಂದು ಬಟನ್, ಬಿಡಲು ಹತ್ತು ಬಾಗಿಲು ದಾಟಬೇಕಾದ ಚಂದಾದಾರಿಕೆಯ ಬಲೆ. ಒಂದು ಆಯ್ಕೆಯನ್ನು ಎದ್ದು ಕಾಣಿಸಿ ಇನ್ನೊಂದನ್ನು ಮಸುಕು ಮಾಡುವುದು. ಖಾಲಾರ ಹಳದಿ ಬಟನ್ ಈ ಕೊನೆಯ ಜಾತಿಗೆ ಸೇರಿದ್ದು.

ಆ ಮಾರ್ಗಸೂಚಿಯಲ್ಲಿ ಎರಡು ಉದಾಹರಣೆಗಳು ನನ್ನನ್ನು ಬಹಳ ಕಾಡಿದವು. ಒಂದು, ವಿಮಾನದ ಟಿಕೆಟ್ ಕೊಳ್ಳುವಾಗ ವಿಮೆ ಬೇಡವೆನ್ನುವವರು 'ನಾನು ರಕ್ಷಣೆಯಿಲ್ಲದೆ ಇರುತ್ತೇನೆ' ಎಂಬ ಅರ್ಥದ ಬಟನ್ ಒತ್ತುವಂತೆ ಮಾಡುವುದು. ಹಣ ಉಳಿಸಿಕೊಂಡದ್ದಕ್ಕೆ ಗಿರಾಕಿಯೇ ನಾಚಬೇಕು! ಇನ್ನೊಂದು, ಕೇಳದೆಯೇ ಗಿರಾಕಿಯ ಬಿಲ್ಲಿಗೆ ದಾನದ ಹಣ ಸೇರಿಸುವುದು. ದಾನ ಮಾಡುವವನ ಮನಸ್ಸು ಅರಿಯದೆ ನಡೆಯುವ ದಾನ ಎಂಥ ದಾನ? ನಾವು ಬಲಗೈಯಲ್ಲಿ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎನ್ನುತ್ತೇವೆ. ಇವರು ಬಲಗೈಗೂ ತಿಳಿಯದಂತೆ ಕೊಡಿಸುತ್ತಾರೆ.

ಇದು ಒಂದೆರಡು ಕೆಟ್ಟ ಕಂಪೆನಿಗಳ ಚಾಳಿ ಎಂದುಕೊಳ್ಳಬೇಡಿ. 2024ರಲ್ಲಿ ಭಾರತದ ಜಾಹೀರಾತು ಮಾನದಂಡ ಮಂಡಳಿ ಎಎಸ್‌ಸಿಐ ಒಂದು ವಿನ್ಯಾಸ ಸಂಸ್ಥೆಯ ಜೊತೆ ಸೇರಿ ದೇಶದ ಪ್ರಮುಖ 53 ಆ್ಯಪ್‌ಗಳನ್ನು ಪರಿಶೀಲಿಸಿತು. ಅವುಗಳಲ್ಲಿ 52ರಲ್ಲಿ ಕನಿಷ್ಠ ಒಂದಾದರೂ ವಂಚಕ ವಿನ್ಯಾಸ ಕಂಡುಬಂತು. 53ರಲ್ಲಿ 52! ಒಂದು ಮಾರುಕಟ್ಟೆಯ 53 ಅಂಗಡಿಗಳಲ್ಲಿ 52 ಅಂಗಡಿಗಳ ತಕ್ಕಡಿ ವಾಲಿದೆ ಎಂದಾಗ ನಾವು ಗಿರಾಕಿಗಳಿಗೆ ಎಚ್ಚರದಿಂದಿರಿ ಎಂದು ಬುದ್ಧಿ ಹೇಳುತ್ತೇವೆಯೇ, ಮಾರುಕಟ್ಟೆಯ ಮೇಲೆ ಕ್ರಮ ಕೈಗೊಳ್ಳಿ ಎನ್ನುತ್ತೇವೆಯೇ?

ಹಾಗಾದರೆ ಸರಕಾರ ಏನು ಮಾಡಿತು? 2025ರ ಜೂನ್‌ನಲ್ಲಿ ಪ್ರಾಧಿಕಾರವು ಎಲ್ಲ ಆನ್‌ಲೈನ್ ವ್ಯಾಪಾರ ವೇದಿಕೆಗಳಿಗೆ ಒಂದು ಸಲಹೆ ಕಳಿಸಿತು: ಮೂರು ತಿಂಗಳೊಳಗೆ ನಿಮ್ಮ ಆ್ಯಪ್‌ಗಳನ್ನು ನೀವೇ ಪರೀಕ್ಷಿಸಿಕೊಳ್ಳಿ, ನಮ್ಮಲ್ಲಿ ಕತ್ತಲ ವಿನ್ಯಾಸ ಇಲ್ಲವೆಂದು ನೀವೇ ಘೋಷಿಸಿಕೊಳ್ಳಿ. ನವೆಂಬರ್ ಹೊತ್ತಿಗೆ 26 ಕಂಪೆನಿಗಳು ಅಂಥ ಘೋಷಣಾ ಪತ್ರ ಕೊಟ್ಟವು. ಕೊಟ್ಟದ್ದು ಒಳ್ಳೆಯದೇ. ಆದರೆ ರಸೆಲ್ ಮಾರುಕಟ್ಟೆಯ ವ್ಯಾಪಾರಿಗೆ, 'ಅಣ್ಣಾ, ನಿನ್ನ ತಕ್ಕಡಿಯನ್ನು ನೀನೇ ನೋಡಿಕೊಂಡು ಸರಿಯಿದೆ ಎಂದು ಒಂದು ಚೀಟಿ ಬರೆದುಕೊಡು' ಎಂದು ಯಾವತ್ತಾದರೂ ಹೇಳಿದ್ದೇವೆಯೇ? ತಳ್ಳುಗಾಡಿಯವನ ಮಾತು ನಂಬಲು ಅರ್ಹವಲ್ಲ, ಕೋಟಿ ಕೋಟಿ ವ್ಯವಹಾರದ ಕಂಪೆನಿಯ ಮಾತು ಮಾತ್ರ ನಂಬಲು ಅರ್ಹ. ಇದು ಯಾವ ನ್ಯಾಯ?

ಪ್ರಾಧಿಕಾರ ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ಬೆಂಗಳೂರಿನದೇ ಆದ ರ‍್ಯಾಪಿಡೊ ಕಂಪೆನಿಯು, ಐದು ನಿಮಿಷದಲ್ಲಿ ಆಟೋ ಸಿಗದಿದ್ದರೆ 50 ರೂಪಾಯಿ ಎಂದು ಜಾಹೀರಾತು ಮಾಡಿತ್ತು. ಪರಿಶೀಲಿಸಿದಾಗ ಕಂಡದ್ದೇನು? ಸಿಗುತ್ತಿದ್ದುದು ಹಣವಲ್ಲ, ಕಂಪೆನಿಯದೇ 'ನಾಣ್ಯ'ಗಳು. ಅದೂ 50 ಅಲ್ಲ, '50ರವರೆಗೆ'. ಬಳಸಬಹುದಾದದ್ದು ಬೈಕ್ ಪ್ರಯಾಣಕ್ಕೆ ಮಾತ್ರ, ಅದೂ ಏಳು ದಿನಗಳೊಳಗೆ. ಈ ಷರತ್ತುಗಳನ್ನೆಲ್ಲ ಓದಲಾಗದಷ್ಟು ಸಣ್ಣ ಅಕ್ಷರಗಳಲ್ಲಿ ಹಾಕಲಾಗಿತ್ತು. ಭರವಸೆ ದೊಡ್ಡ ಅಕ್ಷರದಲ್ಲಿ, ಷರತ್ತು ಇರುವೆಯ ಅಕ್ಷರದಲ್ಲಿ. 2025ರ ಆಗಸ್ಟ್‌ನಲ್ಲಿ ಪ್ರಾಧಿಕಾರವು 10 ಲಕ್ಷ ರೂಪಾಯಿ ದಂಡ ಹಾಕಿತು, 50 ರೂಪಾಯಿ ಸಿಗದವರಿಗೆ ಅದನ್ನು ಕೊಡಿ ಎಂದಿತು. ಆ ಜಾಹೀರಾತು 120ಕ್ಕೂ ಹೆಚ್ಚು ನಗರಗಳಲ್ಲಿ, ಅನೇಕ ಪ್ರಾದೇಶಿಕ ಭಾಷೆಗಳಲ್ಲಿ ಒಂದೂವರೆ ವರ್ಷದಷ್ಟು ಕಾಲ ಓಡಿತ್ತು. ಅಷ್ಟು ದೊಡ್ಡ ಓಟಕ್ಕೆ 10 ಲಕ್ಷ ದಂಡ ದಂಡವಲ್ಲ, ಒಂದು ಖರ್ಚು ಎಂದು ಯಾರಾದರೂ ಹೇಳಿದರೆ ನಾನು ವಾದಿಸಲಾರೆ. ಆದರೂ ಒಂದು ಸತ್ಯ ಅಲ್ಲಿ ದಾಖಲಾಯಿತು. ಅಕ್ಷರದ ಗಾತ್ರ ಸೌಂದರ್ಯದ ವಿಷಯವಲ್ಲ, ಅದು ಅಪರಾಧವೂ ಆಗಬಲ್ಲದು.

ಅಮೆರಿಕದಲ್ಲಿ ಇದೇ ಮಾತಿಗೆ ಬೇರೆ ತೂಕ ಸಿಕ್ಕಿತು. ಅಮೆಜಾನ್ ಕಂಪೆನಿಯು ಗಿರಾಕಿಗಳನ್ನು ಅರಿವಿಲ್ಲದೆ ಪ್ರೈಮ್ ಚಂದಾದಾರರನ್ನಾಗಿಸಿತು, ಹೊರಬರುವ ದಾರಿಯನ್ನು ಬೇಕೆಂದೇ ಕಷ್ಟಗೊಳಿಸಿತು ಎಂದು ಅಲ್ಲಿನ ವ್ಯಾಪಾರ ಆಯೋಗವು 2023ರಲ್ಲಿ ಮೊಕದ್ದಮೆ ಹೂಡಿತು. ಚಂದಾ ರದ್ದುಮಾಡುವ ಆ ಉದ್ದನೆಯ ದಾರಿಗೆ ಕಂಪೆನಿಯೊಳಗೆ ಇಟ್ಟಿದ್ದ ಹೆಸರು 'ಇಲಿಯಡ್' ಎಂದು ಆಯೋಗ ಹೇಳಿತು. ಗ್ರೀಕರ ಆ ಮಹಾಕಾವ್ಯ ದೀರ್ಘವಾದ ಯುದ್ಧದ ಕತೆ. ಅಂದರೆ ಒಳಗಿದ್ದವರಿಗೆ ತಾವೇನು ಮಾಡುತ್ತಿದ್ದೇವೆಂದು ಚೆನ್ನಾಗಿ ಗೊತ್ತಿತ್ತು, ಅದನ್ನು ನಕ್ಕು ಹೇಳಿಕೊಳ್ಳುತ್ತಿದ್ದರು. 2025ರ ಸೆಪ್ಟೆಂಬರ್‌ನಲ್ಲಿ ಕಂಪೆನಿ ತಪ್ಪು ಒಪ್ಪಿಕೊಳ್ಳದೆಯೇ 250 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿ ಮಾಡಿಕೊಂಡಿತು. ಅದರಲ್ಲಿ 150 ಕೋಟಿ ಗಿರಾಕಿಗಳಿಗೆ ಮರಳುವ ಹಣ.

ಈಗ ಭಾಷೆಯ ಮಾತಿಗೆ ಬರೋಣ. 2024ರಲ್ಲಿ ತಿದ್ದುಪಡಿಯಾದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ ಪ್ರಕಾರ ಕರ್ನಾಟಕದ ಅಂಗಡಿಯ ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡ ಇರಬೇಕು. ಅದಕ್ಕಾಗಿ ಹೋರಾಟ ನಡೆಯಿತು, ಬೋರ್ಡುಗಳು ಬದಲಾದವು. ಬೀದಿಯ ಬೋರ್ಡಿಗೆ ಅಷ್ಟು ಹೋರಾಡಿದ ನಾವು ಅಂಗೈಯ ಬೋರ್ಡನ್ನು ಮರೆತಿದ್ದೇವೆ. ಇಂದು ಮನುಷ್ಯ ದಿನಕ್ಕೆ ನೂರು ಬಾರಿ ನೋಡುವ ಬೋರ್ಡು ಅಂಗಡಿಯ ಮೇಲಿಲ್ಲ, ಫೋನಿನೊಳಗಿದೆ. ಕೆಲವು ಆ್ಯಪ್‌ಗಳಲ್ಲಿ ಕನ್ನಡ ಇದೆ ಎಂಬುದು ನಿಜ. ಆದರೆ ಹೇಗಿದೆ? ಸ್ವಾಗತ, ಧನ್ಯವಾದ, ರಾಜ್ಯೋತ್ಸವದ ಶುಭಾಶಯ ಕನ್ನಡದಲ್ಲಿ. ಷರತ್ತು, ಶುಲ್ಕ, ರದ್ದತಿ ಇಂಗ್ಲಿಷಿನಲ್ಲಿ. ಕರೆಯುವಾಗ ನಮ್ಮ ಭಾಷೆ, ಕಟ್ಟಿಹಾಕುವಾಗ ಅವರ ಭಾಷೆ. ಇಂಥ ಕನ್ನಡ ನಮಗೆ ಮರ್ಯಾದೆಯಲ್ಲ, ಗಾಳಕ್ಕೆ ಸಿಕ್ಕಿಸಿದ ಎರೆಹುಳ.

ಕನ್ನಡದ ಮಾತು ಬಂದಾಗ ಕೆಲವರು ಇದು ಇಂಗ್ಲಿಷ್ ಕಲಿಯದವರ ಸಮಸ್ಯೆ ಎಂದು ಮೂಗು ಮುರಿಯುತ್ತಾರೆ. ಅವರಿಗೆ ನಾನು ಬೆಂಗಳೂರಿನವರೇ ಆದ ಒಬ್ಬ ಮಹಿಳೆಯನ್ನು ನೆನಪಿಸುತ್ತೇನೆ. ಪ್ರಜ್ಞಾ ಪ್ರಸೂನ್ ಆಸಿಡ್ ದಾಳಿಗೆ ಒಳಗಾಗಿ ಬದುಕಿ ಬಂದವರು. ಅಂಥವರಿಗಾಗಿಯೇ ಅತಿಜೀವನ್ ಎಂಬ ಸಂಸ್ಥೆ ನಡೆಸುತ್ತಿರುವವರು. 2023ರಲ್ಲಿ ಅವರು ಬ್ಯಾಂಕ್ ಖಾತೆ ತೆರೆಯಲು ಹೋದಾಗ, ಪರದೆಯ ಮುಂದೆ ಕಣ್ಣು ಮಿಟುಕಿಸಿ ತಾವು ಜೀವಂತ ಮನುಷ್ಯರೆಂದು ತೋರಿಸಬೇಕಾಗಿ ಬಂತು. ಆಸಿಡ್ಡಿನಿಂದ ಸುಟ್ಟ ಕಣ್ಣು ಮಿಟುಕುವುದು ಹೇಗೆ? ಅವರಿಗೆ ಇಂಗ್ಲಿಷ್ ಗೊತ್ತಿರಲಿಲ್ಲವೇ, ಓದು ಬರಹ ಬಾರದಿತ್ತೇ? ಎಲ್ಲವೂ ಇತ್ತು. ಆದರೆ ಆ ಪರದೆಯನ್ನು ರೂಪಿಸಿದವರ ಕಲ್ಪನೆಯಲ್ಲಿ ಅವರಂಥ ಮನುಷ್ಯರೇ ಇರಲಿಲ್ಲ. ಅವರು ಸುಪ್ರೀಂ ಕೋರ್ಟಿಗೆ ಹೋದರು. 2025ರ ಏಪ್ರಿಲ್ 30ರಂದು ಕೋರ್ಟು, ಡಿಜಿಟಲ್ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಹೇಳಿ, ಗುರುತು ಪರಿಶೀಲನೆಯ ವಿಧಾನಗಳು ಎಲ್ಲರಿಗೂ ಎಟಕುವಂತಿರಬೇಕೆಂದು 20 ನಿರ್ದೇಶನಗಳನ್ನು ಕೊಟ್ಟಿತು. ಒಂದು ಪರದೆಯ ವಿನ್ಯಾಸ ಜೀವಿಸುವ ಹಕ್ಕಿನ ಪ್ರಶ್ನೆಯೆಂದು ದೇಶದ ಅತಿ ದೊಡ್ಡ ನ್ಯಾಯಾಲಯವೇ ಹೇಳಿದ ಮೇಲೆ, ಇದು ಬಣ್ಣ ಮತ್ತು ಚಿತ್ತಾರದ ವಿಷಯ ಎಂದು ಇನ್ನೂ ಯಾರು ವಾದಿಸುತ್ತಾರೆ?

ರಿಚರ್ಡ್ಸ್ ಟೌನಿನಿಂದ ಇಂದಿರಾನಗರಕ್ಕೆ ನಾಲ್ಕೈದು ಕಿಲೋಮೀಟರ್ ದಾರಿ. ಈ ನಗರದ ಇಂಥ ಕಚೇರಿಗಳಲ್ಲೇ ಕುಳಿತು ನಮ್ಮ ಮಕ್ಕಳೇ ಇಂಥ ಪರದೆಗಳನ್ನು ರೂಪಿಸುತ್ತಾರೆ. ನಮ್ಮ ಮನೆಗಳಿಂದಲೇ ಎಂಜಿನಿಯರಿಂಗ್ ಓದಿ ಹೋದ ಹುಡುಗ ಹುಡುಗಿಯರು ಅವರು. ಅವರಲ್ಲಿ ಒಬ್ಬ, ನನಗೆ ಪರಿಚಯದ ಹುಡುಗ, ಒಮ್ಮೆ ವಿವರಿಸಿದ: "ಅಂಕಲ್, ಎರಡು ಬಟನ್ ಮಾಡ್ತೀವಿ. ಅರ್ಧ ಜನಕ್ಕೆ ಒಂದು, ಅರ್ಧ ಜನಕ್ಕೆ ಇನ್ನೊಂದು ತೋರಿಸ್ತೀವಿ. ಯಾವುದರಲ್ಲಿ ಹೆಚ್ಚು ದುಡ್ಡು ಬರುತ್ತೋ ಅದೇ ಉಳಿಯುತ್ತೆ." ಯಾವುದು ಹೆಚ್ಚು ಜನರಿಗೆ ಅರ್ಥವಾಯಿತು ಎಂದು ನೋಡುವುದಿಲ್ಲವೇ ಎಂದು ಕೇಳಿದೆ. ಅದನ್ನು ನೋಡಲು ಯಾರೂ ಹೇಳುವುದಿಲ್ಲ ಎಂದ. ಹುಡುಗ ಕೆಟ್ಟವನಲ್ಲ. ಆದರೆ ಅರ್ಥವಾಗದೆ ಒತ್ತಿದ ಬೆರಳೂ ಅವನ ಲೆಕ್ಕದಲ್ಲಿ ಗೆಲುವೇ. ನನ್ನ ಖಾಲಾ ಅವನ ಪಾಲಿಗೆ ಐದು ತಿಂಗಳಲ್ಲಿ 80 ಗೆಲುವು.

ಪ್ರವಾದಿ ಮುಹಮ್ಮದರು(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ಒದ್ದೆ ತಗುಲಿದ ಘಟನೆ ಅನೇಕರಿಗೆ ಗೊತ್ತಿದೆ. ಮಳೆ ಬಿದ್ದು ಒದ್ದೆಯಾಯಿತು ಎಂದ ವ್ಯಾಪಾರಿಗೆ ಅವರು ಕೇಳಿದ್ದು ಇಷ್ಟೇ: ಜನರಿಗೆ ಕಾಣುವಂತೆ ಅದನ್ನು ಮೇಲೆ ಇಡಬಾರದಿತ್ತೇ? ಅಲ್ಲಿ ಧಾನ್ಯ ಒದ್ದೆಯಾದದ್ದು ತಪ್ಪಾಗಿರಲಿಲ್ಲ. ಒಣಗಿದ್ದನ್ನು ಮೇಲಿಟ್ಟು ಒದ್ದೆಯಾದದ್ದನ್ನು ಕೆಳಗಿಟ್ಟದ್ದು ತಪ್ಪಾಗಿತ್ತು. ಯಾವುದನ್ನು ಮೇಲಿಡಬೇಕು, ಯಾವುದನ್ನು ಕೆಳಗಿಡಬೇಕು ಎಂಬುದೇ ಇಂದು ಪರದೆ ರೂಪಿಸುವವರ ಇಡೀ ಕಸುಬು. ಯಾವ ಧರ್ಮದವರೇ ಆಗಲಿ, ಯಾವ ಧರ್ಮವೂ ಇಲ್ಲದವರೇ ಆಗಲಿ, ಈ ಒಂದು ಮಾತನ್ನು ಒಪ್ಪಲು ಕಷ್ಟವಿರಲಾರದು: ಗಿರಾಕಿ ತಿಳಿಯಬೇಕಾದದ್ದು ಮೇಲಿರಲಿ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಬೇಕು ಎನ್ನುವ ಬಟನ್ ಎಷ್ಟು ದೊಡ್ಡದೋ ಬೇಡ ಎನ್ನುವ ಬಟನ್ ಅಷ್ಟೇ ದೊಡ್ಡದಿರಲಿ, ಅಷ್ಟೇ ಗಾಢ ಬಣ್ಣದಲ್ಲಿರಲಿ. ಕೊನೆಗೆ ಕೊಡಬೇಕಾದ ಪೂರ್ತಿ ಮೊತ್ತ ಮೊದಲ ಪುಟದಲ್ಲೇ ಕಾಣಲಿ. ಆಟೋ ದರದ ಪಕ್ಕದಲ್ಲಿ ಸರಕಾರಿ ಮೀಟರ್ ದರವನ್ನೂ ತೋರಿಸಲಿ. ಕರ್ನಾಟಕದಲ್ಲಿ ವ್ಯಾಪಾರ ಮಾಡುವ ಪ್ರತಿ ಆ್ಯಪ್‌ನಲ್ಲಿ ಬೆಲೆ, ಷರತ್ತು, ರದ್ದತಿ ಇವು ಮೂರೂ ಕನ್ನಡದಲ್ಲಿ, ಓದಲು ಬರುವ ಗಾತ್ರದಲ್ಲಿ ಇರಲಿ. ಒಳಗೆ ಬಂದಷ್ಟೇ ಸುಲಭವಾಗಿ ಹೊರಗೆ ಹೋಗಲು ಬರಲಿ. ಈ ಕೊನೆಯ ಮಾತು ನನ್ನ ಹಟವಲ್ಲ. ನಮ್ಮ ಮಾಹಿತಿಯನ್ನು ಬಳಸಲು ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯುವುದು, ಕೊಟ್ಟಷ್ಟೇ ಸುಲಭವಿರಬೇಕು ಎಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೇ ಹೇಳುತ್ತದೆ. ಒಪ್ಪಿಗೆ ಕೇಳುವ ಬರಹವನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ, ಅಂದರೆ ಕನ್ನಡದಲ್ಲೂ ಉರ್ದುವಿನಲ್ಲೂ, ಪಡೆಯುವ ಹಕ್ಕನ್ನೂ ಅದು ಕೊಡುತ್ತದೆ. ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ, ಮುಖ್ಯ ಭಾಗಗಳ ಜಾರಿಗೆ ಕಂಪೆನಿಗಳಿಗೆ ಸಿಕ್ಕಿದ ಕಾಲಾವಕಾಶ 18 ತಿಂಗಳು. ಮಾಹಿತಿಗೆ ಸಲ್ಲುವ ನ್ಯಾಯ ಹಣಕ್ಕೇಕೆ ಸಲ್ಲಬಾರದು?

ಇವೆಲ್ಲಕ್ಕಿಂತ ಮುಖ್ಯವಾಗಿ, ಪರೀಕ್ಷಿಸುವವರು ಹೊರಗಿನವರಾಗಿರಲಿ. ತಕ್ಕಡಿ ಪರೀಕ್ಷಿಸುವ ಅಧಿಕಾರಿ ಮಾರುಕಟ್ಟೆಗೆ ಬರುವಂತೆ ಪರದೆ ಪರೀಕ್ಷಿಸುವ ಅಧಿಕಾರಿಯೂ ಇರಲಿ. ಆತನ ಜೊತೆಗೆ ಒಬ್ಬ ಮುದುಕಿ, ಒಬ್ಬ ಅಂಧ, ಕನ್ನಡ ಮಾತ್ರ ಬಲ್ಲ ಒಬ್ಬರು ಕೂತು ಆ್ಯಪ್ ಬಳಸಿ ನೋಡಲಿ. ಅವರಿಗೆ ಅರ್ಥವಾಗದ್ದಕ್ಕೆ ಮುದ್ರೆ ಬೀಳದಿರಲಿ.

ಅಲ್ಲಿಯವರೆಗೆ ನಾವು ಮಾಡಬೇಕಾದದ್ದೂ ಇದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲಿ ಕನ್ನಡದಲ್ಲೂ ದೂರು ಹೇಳಬಹುದು. 20 ರೂಪಾಯಿಗೆ ಯಾರು ದೂರು ಕೊಡುತ್ತಾರೆ ಎಂದು ನಾವು ಸುಮ್ಮನಿರುತ್ತೇವೆ ಎಂಬ ನಂಬಿಕೆಯ ಮೇಲೆಯೇ ಈ ವ್ಯಾಪಾರ ನಿಂತಿದೆ. ಮನೆಯ ಹಿರಿಯರ ಫೋನು ಕೈಗೆತ್ತಿಕೊಂಡು, ಅವರ ಹಳೆಯ ಬಿಲ್ಲುಗಳನ್ನು ಒಮ್ಮೆ ನೋಡಿ. ಏನಾದರೂ ಸಿಕ್ಕಿದರೆ ಅವರನ್ನು ಗದರಬೇಡಿ.

ಖಾಲಾರಿಗೆ ನಾನು ಬೂದು ಬಣ್ಣದ ಆ ಪದ ಎಲ್ಲಿದೆ ಎಂದು ತೋರಿಸಿಕೊಟ್ಟೆ. ಅವರು ಕನ್ನಡಕ ಏರಿಸಿ, ಫೋನನ್ನು ಮೂಗಿನ ಹತ್ತಿರ ತಂದು ನೋಡಿದರು. ಆಮೇಲೆ ಕೇಳಿದರು: "ಬೇಡ ಅನ್ನೋದನ್ನ ಇಷ್ಟು ಸಣ್ಣಗೆ ಯಾಕೆ ಬರೆದಿದ್ದಾರೆ?"

ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಖಾಲಾರ ಮನೆಯಿಂದ ನಾಲ್ಕೈದು ಕಿಲೋಮೀಟರ್ ದೂರದಲ್ಲೇ ಇದ್ದಾರೆ. ನಾಚಿಕೊಳ್ಳಬೇಕಾದವರೂ ಅವರೇ.